ರಜೆ ಅರ್ಜಿಯಲ್ಲಿ ‘ಸೈಕಲ್ ಪ್ರವಾಸ’ ಅಂತಲೇ ಬರೆಯಿರಿ

ಕಳೆದ ಸಂಚಿಕೆಯ ಸಮಸ್ಯೆ: ನನಗೆ 29 ವರ್ಷ. ಕುಮಟಾದ ಬ್ಯಾಂಕೊಂದರಲ್ಲಿ ಕ್ಲರ್ಕ್. ಊರು ಶಿರಸಿ ಹತ್ತಿರದ ಹಳ್ಳಿ. ಸೈಕಲ್ಲಿನಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಹೋಗಬೇಕು ಅನ್ನೋದು ನನ್ನ ದೊಡ್ಡ ಆಸೆ. ಅಷ್ಟು ರಜೆ ಯಾರು ಕೊಡುತ್ತಾರೆ? ಕೆಲಸ ಬಿಟ್ಟು ಒಂದು ವರ್ಷ ತಿರುಗೋಣ ಅಂದರೆ ಅಪ್ಪನ ಅಡಿಕೆ ತೋಟದ ಸಾಲ ಇದೆ, ತಮ್ಮ ಇನ್ನೂ ಓದುತ್ತಿದ್ದಾನೆ. ಅಮ್ಮ ಮದುವೆ ಮಾತು ತೆಗೆಯುತ್ತಾಳೆ. ಏನು ಮಾಡಲಿ?

ನಿವೃತ್ತ ಬ್ಯಾಂಕ್ ಅಧಿಕಾರಿ, ಕಾರವಾರ

ತಂಗಿ, ನಿಮ್ಮ ಪತ್ರ ಓದಿ ಮೊದಲು ಲೆಕ್ಕ ಹಾಕಿದೆ. ಬ್ಯಾಂಕಿನವರ ಅಭ್ಯಾಸ. ಹೆದ್ದಾರಿ 44ರಲ್ಲಿ ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಮೂರೂವರೆ ಸಾವಿರ ಕಿ.ಮೀ.ಗಿಂತ ಜಾಸ್ತಿ ಆಗುತ್ತದೆ. ದಿನಕ್ಕೆ 90 ಕಿ.ಮೀ. ತುಳಿದರೆ ನಲವತ್ತು ದಿನದ ಮೇಲೆ. ವಾರಕ್ಕೊಂದು ದಿನ ಸುಧಾರಿಸಿಕೊಳ್ಳಲು ಸೇರಿಸಿದರೂ ಒಂದೂವರೆ ತಿಂಗಳು. ಇದಕ್ಕೆ ಒಂದು ವರ್ಷ ಯಾಕೆ? ರಾಜೀನಾಮೆ ಯಾಕೆ?

ನಮ್ಮ ಬ್ಯಾಂಕುಗಳಲ್ಲಿ 11 ದಿನ ಕೆಲಸ ಮಾಡಿದರೆ ಒಂದು ದಿನ ಪಿ.ಎಲ್. (ಪ್ರಿವಿಲೇಜ್ ಲೀವ್, ಅಂದರೆ ಸಂಬಳ ಸಹಿತ ರಜೆ) ಜಮೆ ಆಗುತ್ತದೆ. ವರ್ಷಕ್ಕೆ ಹೆಚ್ಚು ಕಡಿಮೆ ಒಂದು ತಿಂಗಳು. ಎರಡು ವರ್ಷ ಮುಟ್ಟದೆ ಬಿಟ್ಟರೆ ನಿಮ್ಮ ಪ್ರವಾಸದ ರಜೆ ನಿಮ್ಮ ಖಾತೆಯಲ್ಲೇ ಇರುತ್ತದೆ. ಸಂಬಳವೂ ನಿಲ್ಲುವುದಿಲ್ಲ, ಸಾಲದ ಕಂತೂ ತಪ್ಪುವುದಿಲ್ಲ. ಆದರೆ ಪಿ.ಎಲ್. ನಡುವೆ ಬರುವ ಭಾನುವಾರವೂ ರಜೆಯ ಲೆಕ್ಕಕ್ಕೇ ಸೇರುತ್ತದೆ, ಅದನ್ನು ಮರೆಯಬೇಡಿ.

ಯಾವಾಗ ಕೇಳುತ್ತೀರಿ ಅನ್ನೋದು ಮುಖ್ಯ. ಮಾರ್ಚ್ ಹತ್ತಿರ ಕೇಳಿದರೆ ಯಾವ ಮ್ಯಾನೇಜರೂ ತಲೆ ಆಡಿಸುವುದಿಲ್ಲ. ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕ ಮುಗಿಸಿ ಹೊರಡಿ. ದಾರಿಯನ್ನೂ ತಿರುಗಿಸಿ. ಅಕ್ಟೋಬರ್ ಮೊದಲ ವಾರ ಶ್ರೀನಗರದಿಂದ ಶುರು ಮಾಡಿದರೆ ಅಲ್ಲಿ ಹಿಮ ಬೀಳುವ ಮೊದಲೇ ಬಯಲಿಗೆ ಇಳಿದಿರುತ್ತೀರಿ. ನಾಗಪುರದ ಕಡೆ ಬಿಸಿಲೂ ತಗ್ಗಿರುತ್ತದೆ. ತಮಿಳುನಾಡಿನಲ್ಲಿ ಮಾತ್ರ ನವೆಂಬರ್ ಮಳೆ ಸಿಗುತ್ತದೆ. ನಮ್ಮ ಕರಾವಳಿಯ ಆಷಾಢದ ಮಳೆ ಕಂಡವರಿಗೆ ಅದೇನು ದೊಡ್ಡದಲ್ಲ.

ಇನ್ನೊಂದು. ಅರ್ಜಿಯಲ್ಲಿ ‘ಸ್ವಂತ ಕೆಲಸ’ ಅಂತ ಬರೆಯಬೇಡಿ. ಅಜ್ಜಿಗೆ ಹುಷಾರಿಲ್ಲ ಅಂತಂತೂ ಬೇಡವೇ ಬೇಡ. ‘ಸೈಕಲ್ ಪ್ರವಾಸ’ ಅಂತಲೇ ಬರೆಯಿರಿ. ಆರೇಳು ತಿಂಗಳು ಮೊದಲೇ ಮ್ಯಾನೇಜರ್ ಹತ್ತಿರ ಕೂತು ಮಾತಾಡಿ. ನಿಮ್ಮ ಕೌಂಟರಿಗೆ ಬೇರೆ ಶಾಖೆಯಿಂದ ಒಬ್ಬರನ್ನು ಡೆಪ್ಯುಟೇಶನ್ ಮೇಲೆ ಕರೆಸಲು ಅವರಿಗೂ ಸಮಯ ಬೇಕು. ಚೌತಿಯ ಹಿಂದೆ ಮುಂದೆ ಎಲ್ಲರಿಗೂ ರಜೆ ಬೇಕಾಗಿರುತ್ತದೆ. ಆಗ ನೀವು ಕೌಂಟರಿನಲ್ಲಿ ಕೂತಿರಿ. ಮುಂದೆ ನಿಮ್ಮ ಸರದಿ ಬಂದಾಗ ಸಹೋದ್ಯೋಗಿಗಳೇ ನಿಮ್ಮ ಪರ ಮಾತಾಡುತ್ತಾರೆ. ನಾನು ಮ್ಯಾನೇಜರ್ ಆಗಿದ್ದಾಗ ರಜೆ ಕೊಡಲು ಹಿಂದೆಮುಂದೆ ನೋಡುತ್ತಿದ್ದದ್ದು ಕಾರಣ ಮುಚ್ಚಿಡುವವರಿಗೆ ಮಾತ್ರ.

ಹೈಸ್ಕೂಲ್ ಶಿಕ್ಷಕಿ, ಹೊನ್ನಾವರ

ನಿಮ್ಮ ಪತ್ರ ಓದಿದಾಗ ಐರ್ಲೆಂಡಿನ ಪ್ರವಾಸ ಲೇಖಕಿ ಡರ್ವ್ಲಾ ಮರ್ಫಿ ನೆನಪಾದರು. ಹತ್ತನೇ ಹುಟ್ಟುಹಬ್ಬಕ್ಕೆ ಅವರಿಗೆ ಸಿಕ್ಕಿದ್ದು ಒಂದು ಹಳೇ ಸೈಕಲ್, ಒಂದು ಅಟ್ಲಾಸ್. ಆಗಲೇ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆ ಅಂತ ನಿಶ್ಚಯ ಮಾಡಿದರು. ಆದರೆ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಬೇಕಾಯಿತು. ತಾಯಿ ತೀರಿಕೊಂಡಿದ್ದು 1962ರಲ್ಲಿ. ಮಾರನೇ ವರ್ಷ ಜನವರಿಯ ಚಳಿಯಲ್ಲೇ ಹೊರಟು ಜುಲೈಗೆ ದೆಹಲಿ ಮುಟ್ಟಿದರು. ಒಬ್ಬರೇ.

ಇಷ್ಟು ಕೇಳಿದವರು ‘ನೋಡಿ, ಕಾದರೆ ಎಲ್ಲ ಸಿಗುತ್ತದೆ’ ಅನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆ ಕಾಯುವ ವರ್ಷಗಳಲ್ಲೂ ಅವರು ಸುಮ್ನೆ ಕೂತಿರಲಿಲ್ಲ. ಬಿಡುವು ಸಿಕ್ಕಾಗ ವೇಲ್ಸ್, ಫ್ರಾನ್ಸ್, ಸ್ಪೇನ್ ಅಂತ ಸೈಕಲ್ಲಿನಲ್ಲಿ ಸುತ್ತಿ ಬಂದಿದ್ದರು. ಮನೆಯ ಜವಾಬ್ದಾರಿ ಇದ್ದಾಗಲೇ ಕಾಲು ಗಟ್ಟಿ ಮಾಡಿಕೊಂಡಿದ್ದರು. ನಿಮಗೂ ಈಗ ಬೇಕಾಗಿರೋದು ಅದೇ.

2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ನಮ್ಮಂಥ ಶಾಲೆಯವರಿಗೆ ಆ ಭಾಗ್ಯ ಇಲ್ಲ ನೋಡಿ! ಒಂದು ಸೋಮವಾರ ಸೇರಿಸಿಕೊಂಡರೆ ಮೂರು ದಿನ ಆಯಿತು. ಶನಿವಾರ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಸುಮಾರು 60 ಕಿ.ಮೀ. ರಾತ್ರಿ ನಿಮ್ಮ ಮನೆಯಲ್ಲೇ ಊಟ. ಭಾನುವಾರ ಸಿದ್ದಾಪುರದ ಮೇಲೆ ಜೋಗ. ಸೋಮವಾರ ಗೇರುಸೊಪ್ಪ ಘಟ್ಟ ಇಳಿದು ಹೊನ್ನಾವರ, ಅಲ್ಲಿಂದ ಕುಮಟಾ. ಒಟ್ಟು 200 ಕಿ.ಮೀ. ಹತ್ತಿರ. ಕತಗಾಲ ದಾಟಿ ಏರು ಶುರುವಾದ ಮೇಲೆ ಸೈಕಲ್ಲಿಗೆ ಕಟ್ಟಿದ ಒಂದೊಂದು ಸಾಮಾನಿನ ಭಾರವೂ ಗೊತ್ತಾಗುತ್ತದೆ. ಏನು ಬಿಟ್ಟು ಹೋಗಬೇಕು ಅನ್ನೋದನ್ನು ಆ ಘಟ್ಟವೇ ಕಲಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಈ ದಾರಿ ಬೇಡ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು ನಾವು ಮರೆಯುವ ಹಾಗಿಲ್ಲ.

ಬರೀ ಭಾನುವಾರ ಸಿಕ್ಕರೆ ಗೋಕರ್ಣಕ್ಕೆ ಹೋಗಿ. ಬರುವಾಗ ತದಡಿಯಲ್ಲಿ ಸೈಕಲ್ ಸಮೇತ ಹೊಳೆ ದಾಟಿ ಅಘನಾಶಿನಿಗೆ ಬಂದರೆ ಹೆದ್ದಾರಿಯ ಲಾರಿಗಳ ಗೋಳು ಅಷ್ಟರಮಟ್ಟಿಗೆ ತಪ್ಪುತ್ತದೆ.

ಓದುಗ, ಭಟ್ಕಳ

ಅಕ್ಕಾ, ನಾನು ಕೆಲಸ ಬಿಟ್ಟೇ ಹೋದವನು. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಸೈಕಲ್ಲಿನಲ್ಲಿ ಈಶಾನ್ಯ ರಾಜ್ಯಗಳನ್ನು ಸುತ್ತಿದೆ. ಒಂದು ದಿನವೂ ಬೇಜಾರು ಅನಿಸಲಿಲ್ಲ. ಒಂದು ಊರು ಇಷ್ಟವಾದರೆ ವಾರಗಟ್ಟಲೆ ಅಲ್ಲೇ ಉಳಿಯಬಹುದು. ರಜೆ ಹಾಕಿ ಹೋದವರಿಗೆ ಆ ಸುಖ ಸಿಗಲ್ಲ. ಆದರೆ ನನ್ನ ಮೇಲೆ ಸಾಲ ಇರಲಿಲ್ಲ, ವಾಪಸ್ ಬಂದರೆ ಕೆಲಸ ಸಿಗುವ ಭರವಸೆ ಇತ್ತು. ಬ್ಯಾಂಕ್ ಕೆಲಸ ಹಾಗಲ್ಲ. ಬಿಟ್ಟರೆ ಮತ್ತೆ ಪರೀಕ್ಷೆ ಬರೆಯಬೇಕು, ಅಲ್ವಾ? ತೋಟದ ಸಾಲ ತೀರುವವರೆಗೆ ಬಿಡಬೇಡಿ. ತೀರಿದ ಮೇಲೂ ಇದೇ ಆಸೆ ಇದ್ದರೆ ಯಾರ ಮಾತೂ ಕೇಳಬೇಡಿ.

ಗೃಹಿಣಿ, ಶಿರಸಿ

ಮಗಳೇ, ನಾನು ನಿನ್ನ ಅಮ್ಮನ ಪರವಾಗಿ ಎರಡು ಮಾತು ಬರೆಯುತ್ತೇನೆ. ನನಗೂ ಮಗಳಿದ್ದಾಳೆ. ಅಮ್ಮಂದಿರು ‘ಮದುವೆ ಆಗಲಿ, ಆಮೇಲೆ ನೋಡೋಣ’ ಅನ್ನುವಾಗ ಒಳಗೆ ಇರೋದು ಹೆದರಿಕೆ. ಲಾರಿಯ ಹೆದರಿಕೆ, ರಾತ್ರಿ ಎಲ್ಲಿ ಮಲಗುತ್ತಾಳೋ ಅನ್ನೋ ಹೆದರಿಕೆ, ಕೇರಿಯವರು ಏನಂತಾರೋ ಅನ್ನೋದು. ಮೊದಲಿನ ಎರಡಕ್ಕೆ ನೀನು ಉತ್ತರ ಕೊಡು, ಮೂರನೆಯದು ತಾನಾಗಿ ಕಡಿಮೆ ಆಗುತ್ತದೆ.

ಟೀಚರ್ ಹೇಳಿದ ಹಾಗೆ ಒಮ್ಮೆ ಘಟ್ಟ ಹತ್ತಿ ಮನೆಗೇ ಬಾ. ಹೆಲ್ಮೆಟ್, ಹಿಂದಿನ ಕೆಂಪು ದೀಪ, ಹೊಳೆಯುವ ಜಾಕೆಟ್ ಎಲ್ಲ ಅಮ್ಮನ ಕೈಗೆ ಕೊಟ್ಟು ತೋರಿಸು. ಕತ್ತಲಾದ ಮೇಲೆ ತುಳಿಯೋದಿಲ್ಲ ಅಂತ ಮಾತು ಕೊಡು, ಉಳಿಸಿಕೋ. ಸಂಜೆ ಆರರ ಒಳಗೆ ಒಂದು ಫೋನ್. ಎಲ್ಲಿ ಉಳಿಯುತ್ತೀ ಅನ್ನೋ ಪಟ್ಟಿ ತಮ್ಮನ ಹತ್ತಿರ ಇರಲಿ. ಇಷ್ಟಾದರೆ ಆಸ್ರಿಗೆಗೆ ಮುರುಗಲ ಪಾನಕ ಕೊಡುತ್ತಾ ನಿನ್ನಮ್ಮನೇ ‘ನಾಳೆ ಎಷ್ಟು ಗಂಟೆಗೆ ಹೊರಡ್ತೆ?’ ಅಂತ ಕೇಳುತ್ತಾಳೆ.

ಮದುವೆ ವಿಷಯ. ನೋಡಲು ಬಂದ ಹುಡುಗನಿಗೆ ಸೈಕಲ್ ವಿಷಯ ಮೊದಲ ದಿನವೇ ಹೇಳಿಬಿಡು. ‘ಆಮೇಲೆ ಬಿಟ್ಟರಾಯಿತು’ ಅನ್ನುವವನು ಬೇಡ.

ಸೈಕಲ್ ರಿಪೇರಿ ಅಂಗಡಿ, ಅಂಕೋಲಾ

ಬೇರೆಯವರು ರಜೆ, ಮನೆ ಎಲ್ಲ ಹೇಳಿರುತ್ತಾರೆ. ನಾನು ಸೈಕಲ್ ಬಗ್ಗೆ ಹೇಳುತ್ತೇನೆ. ಕುಮಟಾದಲ್ಲಿ ಉಪ್ಪುಗಾಳಿ. ಶಿರಸಿಯಲ್ಲಿ ತಿಂಗಳುಗಟ್ಟಲೆ ತಾಳುವ ಚೈನು ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ ಎಣ್ಣೆ ಬಿಡಿ. ಎಣ್ಣೆ ಜಾಸ್ತಿ ಆದರೆ ಮರಳು ಹಿಡಿಯುತ್ತದೆ, ಮೇಲಿನದನ್ನು ಒರೆಸಿ ತೆಗೆಯಿರಿ. ಘಟ್ಟ ಇಳಿಯುವಾಗ ಬ್ರೇಕ್ ಒಂದೇ ಸಮ ಹಿಡಿಯಬೇಡಿ, ರಿಮ್ ಕಾಯುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ಬಿಸಿಯಾದರೆ ನಿಂತು ತಣಿಯಲು ಬಿಡಿ.

ಸೈಕಲ್ ತುಳಿಯುವವರು ಬಹಳ ಜನ ಇದ್ದಾರೆ. ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಬದಲಾಯಿಸಿ, ಚೈನನ್ನು ಸರಿಯಾಗಿ ಕೂರಿಸುವವರು ಕಡಿಮೆ. ಹೈದರಾಬಾದ್ ದಾಟಿದ ಮೇಲೆ ಹೆದ್ದಾರಿ ನಡುವೆ ಪಂಕ್ಚರ್ ಆದರೆ ಅಂಗಡಿ ಹುಡುಕುತ್ತಾ ಎಷ್ಟು ದೂರ ತಳ್ಳುತ್ತೀರಿ? ಎರಡು ಟ್ಯೂಬ್, ಪ್ಯಾಚ್, ಸಣ್ಣ ಪಂಪು, ಟೈರ್ ಬಿಚ್ಚುವ ಲಿವರ್ ಇಟ್ಟುಕೊಳ್ಳಿ. ಹೊರಡುವ ಮೊದಲೇ ಅಭ್ಯಾಸ ಆಗಿರಬೇಕು. ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ. ಸೈಕಲ್ ತಗೊಂಡು ಬನ್ನಿ ಅಕ್ಕಾ, ಕಲಿಸಿಕೊಡುತ್ತೇನೆ.