ಪದಚರ್ಚೆ: ಸಿನಾಪ್ಸ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಲ್ಯಾಬ್ ನೋಡಲು ಹೈಸ್ಕೂಲ್ ಮಕ್ಕಳು ಬರುತ್ತಿದ್ದಾರೆ. ಬಾಗಿಲಲ್ಲಿ ಹಾಕುವ ಬೋರ್ಡಿನ ಕನ್ನಡ ನನ್ನ ತಲೆಗೆ ಬಂದಿದೆ. ಫ್ಲೆಕ್ಸ್ ಅಂಗಡಿಗೆ ನಾಳೆ ಸಂಜೆ ಕೊಡಬೇಕು. ಹೇಳಬೇಕಾದದ್ದು ಇಷ್ಟೇ: ಹಣ್ಣುನೊಣದ ಜೀನ್‌ಗಳನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿ ಬಳಸಿ ಎಡಿಟ್ ಮಾಡಿ, ಸಿನಾಪ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುತ್ತೇವೆ. ನನ್ನ ಕರಡು ಹೀಗಿದೆ:

"ಫಲನೊಣದಲ್ಲಿ ವಂಶವಾಹಿ ಸಂಪಾದನೆಯ ಮೂಲಕ ನರಸಂಧಿಗಳ ಕಾರ್ಯವಿಧಾನದ ಅಧ್ಯಯನ"

ಇದನ್ನು ಜೋರಾಗಿ ಓದಿದರೆ ನನಗೇ ಉಸಿರು ಕಟ್ಟುತ್ತೆ. ಸಿನಾಪ್ಸ್ ಅಂದರೆ ಒಂದು ನರಕೋಶದ ತುದಿ ಇನ್ನೊಂದನ್ನು ಭೇಟಿಯಾಗುವ ಜಾಗ. ನಡುವೆ ಸುಮಾರು 20 ನ್ಯಾನೋಮೀಟರ್ ತೆರಪು. ಈ ಕಡೆಯ ಪುಟ್ಟ ಚೀಲಗಳು ಬಾಯಿ ತೆರೆದು ರಾಸಾಯನಿಕ ಸುರಿದರೆ ಮಾತ್ರ ಸುದ್ದಿ ಆ ಕಡೆಗೆ ಮುಟ್ಟುತ್ತೆ. ನಾವು ಇದನ್ನು ನೊಣದ ಮರಿಹುಳದಲ್ಲಿ ನೋಡುತ್ತೇವೆ, ನರ ಸ್ನಾಯುವಿಗೆ ಸೇರುವ ಕಡೆ. ದಯವಿಟ್ಟು ಬೇಗ ಹೇಳಿ.

* * *

> ವಂಶವಾಹಿ ಸಂಪಾದನೆ

ಬೇಡ. ನೊಣಕ್ಕೆ ತಿಂಗಳಿಗೆ ಎಷ್ಟು ಸಂಪಾದನೆ ಅಂತ ಮಕ್ಕಳು ಕೇಳುತ್ತಾರೆ.

ಫಲನೊಣ ಅರಿಸಮಾಸ, ಸಂಸ್ಕೃತ ಕನ್ನಡ ಬೆರಕೆ. ನರಸಂಧಿಯೂ ಅರಿಸಮಾಸವೇ, ಯಾಕೆಂದರೆ ಈ ನರ ನಮ್ಮದು, ತಮಿಳಿನ ನರಂಬಿನ ಬಳಗ. ಸಂಸ್ಕೃತದ ನರ ಅಂದುಕೊಂಡರೆ ಮನುಷ್ಯರ ನಡುವಿನ ಒಪ್ಪಂದ ಆಗುತ್ತೆ. ಎಡಿಟ್‌ಗೆ ತಿದ್ದು. ಜೀನ್‌ಗೆ ಪೀಳಿ. ಸಿನಾಪ್ಸ್‌ಗೆ ನರಬೆಸುಗೆ. ಮುಗಿಯಿತು.

* * *

ಮೇಷ್ಟ್ರೇ, ಮುಗಿಯಲಿಲ್ಲ. ಬೆಸೆದರೆ ಎರಡು ಲೋಹ ಒಂದಾಗುತ್ತವೆ. ನರಕೋಶಗಳು ಒಂದಾಗಿಲ್ಲ ಅನ್ನುವುದೇ ಇಲ್ಲಿನ ಕಥೆ, ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆದಿದೆ. ಇಟಲಿಯ ಗಾಲ್ಜಿ ನರಮಂಡಲ ಎಲ್ಲ ಸೇರಿ ಒಂದೇ ಹೆಣೆದ ಬಲೆ ಅನ್ನುತ್ತಿದ್ದ, ಸ್ಪೇನಿನ ಕಾಹಾಲ್ ಇಲ್ಲ, ಬಿಡಿಬಿಡಿ ಕೋಶಗಳು ಅನ್ನುತ್ತಿದ್ದ. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಕೊಟ್ಟರು, ಗಾಲ್ಜಿ ಆ ಭಾಷಣದಲ್ಲೂ ಪಟ್ಟು ಬಿಡಲಿಲ್ಲ. ಕೊನೆಗೆ ನಿಂತದ್ದು ಕಾಹಾಲನ ಮಾತು. ನೀವು ಬೆಸುಗೆ ಅಂದರೆ ಗಾಲ್ಜಿ ಪಾರ್ಟಿ ಸೇರಿದ ಹಾಗೆ.

ಸಿನಾಪ್ಸ್ ಪದ ಹುಟ್ಟಿದ್ದೂ ಇಂಥದೇ ಹರಟೆಯಲ್ಲಿ. 1897ರಲ್ಲಿ ಫಾಸ್ಟರ್ ಅವರ ಪಠ್ಯಪುಸ್ತಕಕ್ಕೆ ನರಮಂಡಲದ ಭಾಗ ಬರೆಯುವಾಗ ಇಂಗ್ಲೆಂಡಿನ ಶರೀರವಿಜ್ಞಾನಿ ಶೆರಿಂಗ್ಟನ್‌ಗೆ ಈ ಜಾಗಕ್ಕೊಂದು ಹೆಸರು ಬೇಕಾಯಿತು. ಅವರ ಮನಸ್ಸಿನಲ್ಲಿದ್ದದ್ದು ಸಿಂಡೆಸ್ಮ್, ಗ್ರೀಕಿನಲ್ಲಿ ಕಟ್ಟು ಅಂತ. ಫಾಸ್ಟರ್ ಹೋಗಿ ಕೇಂಬ್ರಿಜ್‌ನ ಗ್ರೀಕ್ ಪಂಡಿತ ವೆರಾಲ್ ಅವರನ್ನು ಕೇಳಿದರು. ವೆರಾಲ್ ಕೊಟ್ಟದ್ದು ಸಿನಾಪ್ಸ್, ಒಂದನ್ನೊಂದು ಹಿಡಿದುಕೊಳ್ಳುವುದು ಅಂತ. ಅದರಿಂದ ಗುಣವಾಚಕ ಚೆನ್ನಾಗಿ ಹುಟ್ಟುತ್ತೆ ಅನ್ನೋದೂ ಒಂದು ಕಾರಣ. ನಮ್ಮ ಗುಂಪಿನವರೇ ಅನ್ನಿಸುತ್ತೆ ಅಲ್ವಾ?

ನನ್ನ ಓಟು ನರಸಂದು. ಕೀಲುಸಂದು ಅಂದಾಗ ಕೂಡುವ ಜಾಗ, ಸಂದುಗೊಂದು ಅಂದಾಗ ತೆರಪು. ಕೂಡಿಕೆಯೂ ಹೌದು, ಬಿರುಕೂ ಹೌದು. ಗ್ರೀಕ್ ಪದದಲ್ಲಿ ಹಿಡಿದುಕೊಳ್ಳುವುದು ಇದೆ, ಆ 20 ನ್ಯಾನೋಮೀಟರ್ ಇಲ್ಲ.

* * *

ಸಂದು ಸಂಧಿಯ ತದ್ಭವ. ಸಂಸ್ಕೃತವನ್ನು ಹಿಂಬಾಗಿಲಿಂದ ಕರೆತಂದಿದ್ದೀರಿ.

* * *

ತದ್ಭವ, ಹೌದು. ಏನೀಗ? ಊರಲ್ಲಿ ಎಲ್ಲರ ಬಾಯಲ್ಲಿ ಇರುವ ಪದ. ಗೋಡೆ ಸಂದಲ್ಲಿ ಹಲ್ಲಿ ಕೂತಿದೆ ಅನ್ನುವಾಗ ಯಾರೂ ಅದರ ಜಾತಕ ಕೇಳಲ್ಲ. ಅಷ್ಟೇ ಮಡಿ ಇದ್ದರೆ ನಿಮ್ಮ ಪೀಳಿಯ ತಾಯಿ ಪೀಳಿಗೆಯನ್ನೂ ಮರಾಠಿಯ ಪಿಢೀ ಪಕ್ಕ ಇಟ್ಟು ನೋಡಿ. ಆಮೇಲೆ ಮಾತಾಡೋಣ.

* * *

ನಡುವೆ ಬಂದೆ, ಕ್ಷಮಿಸಿ. ಹಣ್ಣುನೊಣ ಅಂದರೆ ನಮ್ಮ ಕಡೆ ಮಾವಿನ ತೋಟದ ಶತ್ರು. ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತೆ, ಅದಕ್ಕೇ ಮೋಹಕ ಬಲೆ ಕಟ್ಟುತ್ತೇವೆ. ಲ್ಯಾಬಿನದು ಬೇರೆ ಕುಟುಂಬದ್ದು, 3 ಮಿಲಿಮೀಟರ್ ಇರುವ ಕೆಂಪುಗಣ್ಣಿನ ನೊಣ, ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುತ್ತಲ್ಲ ಅದು. ನಮ್ಮಜ್ಜಿ ಅದನ್ನು ನೊರಜು ಅನ್ನುತ್ತಿದ್ದರು. ಅದರ ಗ್ರೀಕ್ ಹೆಸರು ಡ್ರಾಸಾಫಿಲ, ಇಬ್ಬನಿ ಇಷ್ಟಪಡುವುದು ಅಂತ. ಬಾಳೆಹಣ್ಣಿನ ಸಿಪ್ಪೆ ಮೇಲೆ ಕೂರುವ ಪ್ರಾಣಿಗೆ ಎಂಥ ಹೆಸರು ನೋಡಿ.

* * *

ನೊರಜು ದನದ ಕಣ್ಣಿಗೆ ಮುತ್ತುವ ಹುಳ. ಆಗಲ್ಲ.

* * *

ಮತ್ತೆ ನಾನೇ, ಬೋರ್ಡಿನವನು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ "ತಿದ್ದು" ನನಗೆ ಸರಿ ಕಾಣುತ್ತಿಲ್ಲ. ತಪ್ಪನ್ನು ಸರಿ ಮಾಡಿದರೆ ತಿದ್ದಿದ್ದು. ನಾವು ಎಷ್ಟೋ ಸಲ ಸರಿ ಇರುವ ಜೀನನ್ನು ಬೇಕಂತಲೇ ಕೆಡಿಸುತ್ತೇವೆ! ಕ್ರಿಸ್ಪರ್‌ನಲ್ಲಿ ಗೈಡ್ ಆರ್‌ಎನ್‌ಎ ಜಾಗ ತೋರಿಸುತ್ತೆ, ಕ್ಯಾಸ್9 ಎಂಬ ಪ್ರೋಟೀನ್ ಅಲ್ಲಿ ಡಿಎನ್‌ಎ ಕತ್ತರಿಸುತ್ತೆ, ಕೋಶ ಗಡಿಬಿಡಿಯಲ್ಲಿ ಹೊಲಿಗೆ ಹಾಕುವಾಗ ನಾಲ್ಕಾರು ಅಕ್ಷರ ಬಿಟ್ಟುಹೋಗುತ್ತೆ. ಆಮೇಲೆ ಸಿನಾಪ್ಸ್‌ನಲ್ಲಿ ಏನು ನಿಂತುಹೋಯಿತು ಅಂತ ನೋಡುತ್ತೇವೆ. ಬೇರೆ ವಿಧಾನದಲ್ಲಿ ಸಿಕ್ಕ ಒಂದು ಸಿನಾಪ್ಸ್ ಪ್ರೋಟೀನ್ ಬ್ರುಖ್‌ಪಿಲೋಟ್. ಅದು ಕಡಿಮೆಯಾದರೆ ನೊಣಕ್ಕೆ ಸರಿಯಾಗಿ ಹಾರೋಕೆ ಆಗಲ್ಲ. ಹೆಸರು ಜರ್ಮನ್, ತನ್ನ ವಿಮಾನವನ್ನೇ ಕೆಡವುವ ಪೈಲಟ್ ಅಂತ.

* * *

ಹೈಸ್ಕೂಲ್ ಮಕ್ಕಳು ಅಂದಿರಲ್ಲ, ಅವರಿಗೆ ಕನ್ನಡ ಸಂಧಿ ಪಾಠ ಆಗಿರುತ್ತೆ. ಇದ್ದ ಅಕ್ಷರ ಹೋದರೆ ಲೋಪ. ಹೊಸದು ಬಂದು ಸೇರಿದರೆ ಆಗಮ. ಮಳೆಗಾಲದಲ್ಲಿ ಕ ಹೋಗಿ ಗ ಬಂದ ಹಾಗೆ ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ನೀವು ಜೀನ್‌ಗೆ ಮಾಡುವುದು ಈ ಮೂರೇ ಕೆಲಸ. ಎಡಿಟಿಂಗ್ ಅನ್ನುವ ಒಂದು ಪದದಲ್ಲಿ ಕಾಣದ್ದು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತೆ. ಕೆಡಿಸಿದರೋ ಸರಿ ಮಾಡಿದರೋ ಅನ್ನುವ ರಗಳೆಯೂ ಇಲ್ಲ.

* * *

ಲೋಪ, ಆಗಮ, ಆದೇಶ. ಮೂರೂ ಸಂಸ್ಕೃತ. ಆ ಕಡೆ ಜರ್ಮನ್ ಪೈಲಟ್. ಎಲ್ಲರೂ ಬರಲಿ, ಕನ್ನಡ ಮಾತ್ರ ಬೇಡ, ಅಲ್ವಾ?

* * *

ಮೇಷ್ಟ್ರೇ, ನೊಣದವರ ಹಾಗೆ ಎರವಲು ತರುವವರು ಬೇರೆ ಯಾರೂ ಇಲ್ಲ. ಶಿಬಿರೆ ಅಂತ ಒಂದು ಜೀನ್ ಇದೆ. ನಮ್ಮ ಶಿಬಿರ ಅಲ್ಲ, ಜಪಾನಿ ಭಾಷೆಯಲ್ಲಿ ಮರಗಟ್ಟುವುದು. ಆ ಜೀನ್ ಕೆಟ್ಟ ನೊಣವನ್ನು 29-30 ಡಿಗ್ರಿ ಬಿಸಿಯಲ್ಲಿಟ್ಟರೆ ಮರಗಟ್ಟಿ ಬಿದ್ದುಬಿಡುತ್ತೆ, ತಂಪು ಮಾಡಿದರೆ ಎದ್ದು ಓಡಾಡುತ್ತೆ. ಖಾಲಿಯಾದ ಚೀಲಗಳನ್ನು ಕೋಶ ಮತ್ತೆ ಒಳಗೆಳೆದುಕೊಳ್ಳುವ ಕೆಲಸ ಬಿಸಿಯಲ್ಲಿ ನಿಂತುಹೋಗುವುದೇ ಕಾರಣ. ಅಮೆರಿಕದವರೂ ಅದನ್ನು ಶಿಬಿರೆ ಅಂತಲೇ ಕರೆಯುತ್ತಾರೆ, ಅವರ ಇಂಗ್ಲಿಷ್ ಏನೂ ಮೈಲಿಗೆ ಆಗಿಲ್ಲ. ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದ ಒಬೈದ್ ಸಿದ್ದೀಕಿ ಕೂಡ 1976ರಲ್ಲಿ ಅಮೆರಿಕದ ವಿಜ್ಞಾನಿ ಬೆಂಜರ್ ಜೊತೆ ಇಂಥ ಬಿಸಿಗೆ ಬೀಳುವ ನೊಣಗಳ ಬಗ್ಗೆ ಬರೆದಿದ್ದಾರೆ, ಅದರಲ್ಲಿ ಒಂದರ ಹೆಸರು ಕೊಮಟೋಸ್, ಕೋಮಾಕ್ಕೆ ಜಾರಿದ್ದು ಅಂತ. ಹೊಸದು ಕಂಡುಹಿಡಿದವರು "ತೂಕಡಿಕೆ" ಅಂತ ಇಟ್ಟರೆ ಜಪಾನಿನವರೂ ತೂಕಡಿಕೆ ಅನ್ನಲೇಬೇಕು. ಸುಮ್ನೆ ಇಲ್ಲಿ ಕೂತು ಗ್ರೀಕ್ ಬೇಡ, ಸಂಸ್ಕೃತ ಬೇಡ ಅಂದರೆ ಬರಲ್ಲ ಆ ಹೆಸರು.

* * *

ಭಾಷಣಕ್ಕೆ ವಂದನೆಗಳು. ಪ್ರಶ್ನೆ ಬೋರ್ಡಿನದಾಗಿತ್ತು.

* * *

ಬೋರ್ಡಿನವನು. ಕೊನೆಗೆ ಹೀಗೆ ಕಳಿಸಿದೆ:

"ಹಣ್ಣುನೊಣದ ಜೀನ್‌ನಲ್ಲಿ ಅಕ್ಷರ ತೆಗೆದು, ಸೇರಿಸಿ, ಬದಲಿಸಿ, ನರಸಂದು ಹೇಗೆ ಕೆಲಸ ಮಾಡುತ್ತದೆ ಎಂದು ಇಲ್ಲಿ ನೋಡುತ್ತೇವೆ."

ಕೆಳಗೆ ಸಣ್ಣದಾಗಿ "ಮಾವಿನ ತೋಟದ್ದಲ್ಲ, ಬಾಳೆಹಣ್ಣಿನ ಮೇಲಿನದು" ಅಂತ ಹಾಕಿಸಿದೆ. ಲೋಪ, ಆಗಮ, ಆದೇಶ ಒಳಗಿನ ಇನ್ನೊಂದು ಬೋರ್ಡಿಗೆ ಇಟ್ಟುಕೊಂಡಿದ್ದೇನೆ, ಚೆನ್ನಾಗಿದೆ.

ಆದರೆ ಈಗ ಅಂಗಡಿಯಿಂದ ಪ್ರೂಫ್ ಬಂತು. "ನರಸಂದು ಸ್ಪೆಲಿಂಗ್ ತಪ್ಪಿತ್ತು ಸರ್, ಸರಿ ಮಾಡಿದ್ದೀನಿ" ಅಂತ ನರಸಂಧಿ ಮಾಡಿ ಕಳಿಸಿದ್ದಾರೆ. ಇದಕ್ಕೆ ಲೋಪ ಅನ್ನಬೇಕೋ ಆಗಮವೋ?

* * *

ಆದೇಶ. ಬೆಸುಗೆ ಅಂದಿದ್ದರೆ ಯಾರೂ ತಿದ್ದುತ್ತಿರಲಿಲ್ಲ.