ಹಾಲಿ ನಕ್ಷೆ, ನೀಲನಕ್ಷೆ, ಅಂಕಣ: ಮನೆ ಮಾರ್ಪಾಡಿನ ಕೆಲವು ಪದಗಳ ಬಗ್ಗೆ

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ವಂದನೆಗಳು.

ಮೂಡಿಗೆರೆ ಕಡೆಯ ನಮ್ಮ ಹಳೆಯ ಹೆಂಚಿನ ಮನೆಯನ್ನು ಪೂರ್ತಿ ಕೆಡವದೆ, ಅಡುಗೆಮನೆ ಮತ್ತು ಬಚ್ಚಲುಮನೆಯ ಭಾಗವನ್ನಷ್ಟೇ ಬದಲಿಸಿಕೊಳ್ಳುವ ಕೆಲಸಕ್ಕೆ ನಾನೇ ನಕ್ಷೆ ಬರೆಯುತ್ತಿದ್ದೇನೆ. ನಕ್ಷೆಯ ಮೇಲಿನ ಬರಹವೆಲ್ಲ ಕನ್ನಡದಲ್ಲಿರಬೇಕು, ಮೇಸ್ತ್ರಿಯೂ ಬಡಗಿಯೂ ಅದನ್ನು ಓದಿಕೊಂಡೇ ಕೆಲಸ ಮಾಡುವಂತಿರಬೇಕು ಎಂಬುದು ನನ್ನ ಆಸೆ. ಅದಕ್ಕಾಗಿ ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಹೊಸ ಮನೆಯಾದರೆ ಕಟ್ಟಬೇಕಾದುದರ ನಕ್ಷೆಯೊಂದಿದ್ದರೆ ಸಾಕು. ಇರುವ ಮನೆಯನ್ನು ಮಾರ್ಪಡಿಸುವಾಗ ಎರಡು ಬೇಕಾಗುತ್ತವೆ. ಮನೆ ಈಗ ಹೇಗಿದೆಯೋ ಹಾಗೆಯೇ ಟೇಪು ಹಿಡಿದು ಅಳೆದು ಬರೆದದ್ದು ಒಂದು, ಕೆಲಸ ಮುಗಿದ ಮೇಲೆ ಹೇಗಿರಬೇಕೋ ಅದನ್ನು ತೋರಿಸುವುದು ಇನ್ನೊಂದು. ಎರಡನ್ನೂ ‘ಪ್ಲಾನು’ ಎಂದೇ ಕರೆದರೆ ಕೆಲಸದ ಜಾಗದಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಮೊದಲನೆಯದಕ್ಕೆ ‘ಹಾಲಿ ನಕ್ಷೆ’ ಸರಿಹೊಂದುತ್ತದೆ ಎನ್ನಿಸುತ್ತದೆ, ಏಕೆಂದರೆ ಜಮೀನಿನ ಕಾಗದಪತ್ರಗಳಿಂದಾಗಿ ‘ಹಾಲಿ’ ಎಂಬ ಮಾತು ನಮ್ಮ ಊರುಗಳಲ್ಲಿ ಯಾರಿಗೂ ಹೊಸದಲ್ಲ. ಎರಡನೆಯದಕ್ಕೆ ತಕ್ಕ ಪದ ಸಿಗುತ್ತಿಲ್ಲ. ‘ಉದ್ದೇಶಿತ ನಕ್ಷೆ’ ಎಂದರೆ ಉದ್ದೇಶಿಸಿದ್ದು ಮನೆಯನ್ನೋ ನಕ್ಷೆಯನ್ನೋ ಎಂಬ ಅನುಮಾನ ಉಳಿಯುತ್ತದೆ. ‘ಹೊಸ ನಕ್ಷೆ’ ಎಂದರೆ ತಿದ್ದಿ ಬರೆದ ಹಾಲಿ ನಕ್ಷೆಯೂ ಹೊಸದೇ ಆಗಿಬಿಡುತ್ತದೆ. ‘ಮಾರ್ಪಾಡು ನಕ್ಷೆ’ ಎಂದರೆ ಹೇಗೆ?

‘ನೀಲನಕ್ಷೆ’ ಎಂದು ಕರೆಯಬಹುದಲ್ಲ ಎಂದು ಕೆಲವರು ಸೂಚಿಸಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. 1842ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ, ಈ ಹೆಸರಿಗೆ ಮೂಲವಾದ ವಿಧಾನದಲ್ಲಿ ಕಬ್ಬಿಣದ ಲವಣಗಳನ್ನು ಬಳಿದ ಕಾಗದದ ಮೇಲೆ ಮೂಲಚಿತ್ರವನ್ನಿಟ್ಟು ಬಿಸಿಲಿಗೆ ಒಡ್ಡಿ ತೊಳೆದರೆ, ಬಿಸಿಲು ತಾಗಿದ ಜಾಗವೆಲ್ಲ ನೀಲಿಯಾಗಿ, ಗೆರೆಗಳ ನೆರಳು ಬಿದ್ದ ಜಾಗ ಬಿಳಿಯಾಗಿ ಉಳಿಯುತ್ತಿತ್ತು. ಅಂದರೆ ಅದು ನಕಲು ತೆಗೆಯುವ ಬಗೆಯೇ ಹೊರತು ನಕ್ಷೆಯ ಜಾತಿಯಲ್ಲ. ಮೇಲಾಗಿ ಇಂದಿನ ಕನ್ನಡದಲ್ಲಿ ಅಭಿವೃದ್ಧಿ ಯೋಜನೆಗೂ ಪ್ರಶ್ನೆಪತ್ರಿಕೆಯ ರಚನೆಗೂ ‘ನೀಲನಕ್ಷೆ’ ಬಳಕೆಯಲ್ಲಿದೆ. ಆ ಅರ್ಥಗಳಿಗೇ ಅದನ್ನು ಬಿಟ್ಟುಕೊಡುವುದು ಒಳ್ಳೆಯದು.

ನಮ್ಮ ಭಾಗದವರಿಗೆ ಹತ್ತಿರವಾದ ಇನ್ನೊಂದು ಪದ ‘ತಳವಿನ್ಯಾಸ’. 1117ರ ಬೇಲೂರು ಚೆನ್ನಕೇಶವ ದೇಗುಲವನ್ನೋ ಹಳೇಬೀಡಿನ ದೇಗುಲವನ್ನೋ ವರ್ಣಿಸುವಾಗ ‘ನಕ್ಷತ್ರಾಕಾರದ ತಳವಿನ್ಯಾಸ’ ಎನ್ನುವುದು ರೂಢಿ. ಅಲ್ಲಿ ಆ ಪದ ಕಟ್ಟಡದ ಆಕಾರವನ್ನು ಸೂಚಿಸುತ್ತದೆ, ಕಾಗದದ ಮೇಲಿನ ಚಿತ್ರವನ್ನಲ್ಲ. ಈ ವ್ಯತ್ಯಾಸವನ್ನು ಉಳಿಸಿಕೊಳ್ಳಬೇಕೆಂದು ನನ್ನ ಅನಿಸಿಕೆ.

ಅದೇ ದೇಗುಲಗಳ ವರ್ಣನೆಯಲ್ಲಿ ಬರುವ ‘ಅಂಕಣ’, ಅಂದರೆ ಕಂಬಗಳ ನಡುವಿನ ಜಾಗ, ಮಾತ್ರ ನನ್ನ ನಕ್ಷೆಗೆ ನೇರವಾಗಿ ಬೇಕಾಗಿದೆ. ದೇಗುಲದ ಒಳಮಂಟಪವಾದ ನವರಂಗದ ನಡುವಿನ ನಾಲ್ಕು ಕಂಬಗಳು ಅದನ್ನು ಒಂಬತ್ತು ಅಂಕಣಗಳಾಗಿ ವಿಂಗಡಿಸುವ ಹಾಗೆಯೇ, ಹಳೆಯ ಮನೆಗಳನ್ನೂ ಎರಡಂಕಣದ ಮನೆ, ಮೂರಂಕಣದ ಮನೆ ಎಂದು ಎಣಿಸುತ್ತಿದ್ದರು. ಪತ್ರಿಕೆಯ ಅಂಕಣವೊಂದೇ ಗೊತ್ತಿರುವ ಓದುಗರು ಹೆಚ್ಚುತ್ತಿರುವ ಈ ಕಾಲದಲ್ಲಿ ಮೂಲದ ಅರ್ಥವನ್ನು ಉಳಿಸಿಕೊಳ್ಳಲು ಮನೆಯ ನಕ್ಷೆಗಿಂತ ತಕ್ಕ ಜಾಗ ಬೇರೆಯಿಲ್ಲ. ಕೋಣೆಗಳ ಹೆಸರು ಬದಲಾಗಬಹುದು, ಬಾಗಿಲು ಸರಿಯಬಹುದು. ಆದರೆ ಕಂಬ ಮತ್ತು ತೊಲೆಗಳನ್ನು ಕದಲಿಸದೆ ಮಾಡುವ ಮಾರ್ಪಾಡಿನಲ್ಲಿ ಅಂಕಣಗಳು ಇದ್ದಲ್ಲಿಯೇ ಇರುತ್ತವೆ. ಆದ್ದರಿಂದ ಎರಡು ನಕ್ಷೆಗಳಲ್ಲೂ ಅಂಕಣಗಳಿಗೆ ಒಂದೇ ಸಂಖ್ಯೆ ಕೊಟ್ಟಿದ್ದೇನೆ.

ಇನ್ನು ಗೋಡೆಯ ವಿಷಯ. ನಡುಮನೆಗೂ ಅಡುಗೆಮನೆಗೂ ನಡುವಿನ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪವಿದೆ. ಇಂತಹ ಗೋಡೆಗಳನ್ನು ಒಂಟಿ ಗೆರೆಯಲ್ಲಿ ತೋರಿಸಿದರೆ ಮೂರು ಗೋಡೆ ದಾಟುವಷ್ಟರಲ್ಲಿ ನಾಲ್ಕೂವರೆ ಅಡಿ ಲೆಕ್ಕ ತಪ್ಪುತ್ತದೆ. ಆದಕಾರಣ ಜೋಡಿಗೆರೆ ಎಳೆದು ‘ಒಳ ಅಳತೆ’, ‘ಹೊರ ಅಳತೆ’ ಎಂದು ಬೇರೆಬೇರೆಯಾಗಿ ಬರೆಯುತ್ತಿದ್ದೇನೆ. ಮೇಸ್ತ್ರಿಯವರು ಆ ಗೋಡೆಯ ನೆತ್ತಿಯವರೆಗೆ ಏಣಿ ಹತ್ತಿ, ತೊಲೆಯ ತುದಿ ಒಳಗೆ ಕೂತಿರುವುದನ್ನು ಕೈಯಾಡಿಸಿ ನೋಡಿ, “ಇದು ತೊಲೆ ಹೊತ್ತ ಗೋಡೆ ಸ್ವಾಮಿ, ಮುಟ್ಟೋ ಹಂಗಿಲ್ಲ, ಆ ಕಡೇದು ಬರೀ ಮರೆಗೋಡೆ, ತೆಗೀಬಹುದು” ಎಂದರು. ಇಂಜಿನಿಯರಿಂದಲೂ ಇದನ್ನು ಖಚಿತಪಡಿಸಿಕೊಂಡ ನಂತರವೇ ಒಡೆಯುವ ಗೋಡೆಗೆ ತುಂಡುಗೆರೆ ಹಾಕಿದೆ. ಬಳಕೆಯ ‘ಅಡ್ಡಗೋಡೆ’ ಎಂಬ ಪದ ಗೋಡೆ ಹಾದುಹೋಗುವ ದಿಕ್ಕನ್ನು ಹೇಳುತ್ತದೆಯೇ ಹೊರತು ಅದರ ಮೇಲೆ ಭಾರವಿದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ. ಒಡೆಯುವ ಕೆಲಸದಲ್ಲಿ ಜೀವಕ್ಕೆ ಸಂಬಂಧಿಸಿದ ವ್ಯತ್ಯಾಸವೇ ಅದು. ‘ಹೊರುಗೋಡೆ’ ಮತ್ತು ‘ಮರೆಗೋಡೆ’ ಎಂದು ಜೋಡಿಪದ ಮಾಡಿಕೊಂಡರೆ ಓದುವವರಿಗೆ ತಟ್ಟನೆ ಅರ್ಥವಾಗುತ್ತದೆಯೇ, ಅಥವಾ ‘ಹೊರುಗೋಡೆ’ಯನ್ನು ‘ಹೊರಗೋಡೆ’ ಎಂದು ತಪ್ಪಾಗಿ ಓದುವ ಅಪಾಯವಿದೆಯೇ?

ಎದುರಿನಿಂದ ಕಾಣುವ ಚಿತ್ರಕ್ಕೆ ‘ಮುನ್ನೋಟ’ ಎನ್ನಲಾಗದು, ಅದಕ್ಕೆ ದೂರದೃಷ್ಟಿಯ ಅರ್ಥ ಗಟ್ಟಿಯಾಗಿದೆ. ‘ಎದುರುನೋಟ’ ಎಂದು ಬರೆದಿದ್ದೇನೆ. ಮನೆಯನ್ನು ಮಾಡಿನಿಂದ ಅಡಿಪಾಯದವರೆಗೆ ಕೊಯ್ದಂತೆ ತೋರಿಸುವ ಚಿತ್ರಕ್ಕೆ ‘ಸೀಳುನೋಟ’ ಸಾಕು.

ಅರಸೀಕೆರೆ, ಚನ್ನರಾಯಪಟ್ಟಣದ ಬಯಲುಸೀಮೆಯ ಕಡೆಯ ಗಾರೆ ಕೆಲಸದವರು ಭಾರ ಹೊತ್ತ ಗೋಡೆಗೆ ಬೇರೆ ಹೆಸರು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಕೆಲಸದವರ ಬಾಯಲ್ಲಿ ಈಗಾಗಲೇ ಇರುವ ಪದ ಸಿಕ್ಕರೆ ನಾನು ಕಟ್ಟಿದ ಪದವನ್ನು ಅಳಿಸಿ ಅದನ್ನೇ ನಕ್ಷೆಯಲ್ಲಿ ಬರೆಯುತ್ತೇನೆ.