ಕಾಸರಗೋಡಿನ ಸೆಕೆಗೆ ಯಾವ ಮೊಲ ಆದೀತು?

ಕೇಳಿದವರು, ಬದಿಯಡ್ಕದಿಂದ:

ಹಟ್ಟಿಯ ಪಕ್ಕ ಒಂದು ಮಾಡು ಖಾಲಿ ಬಿದ್ದಿದೆ. ನಾಲ್ಕು ಹೆಣ್ಣು, ಒಂದು ಗಂಡು ಮೊಲ ತಂದು ಮರಿ ಮಾಡಿ ಮಾರುವ ಯೋಚನೆ. ಮಾರುವವರು ನ್ಯೂಜಿಲೆಂಡ್ ವೈಟ್, ಕ್ಯಾಲಿಫೋರ್ನಿಯನ್, ಸೋವಿಯತ್ ಚಿಂಚಿಲ್ಲಾ, ವೈಟ್ ಜಯಂಟ್ ಅಂತೆಲ್ಲ ಹೆಸರು ಹೇಳುತ್ತಾರೆ. ಮಗಳಿಗೆ ಅಂಗೋರಾ ಬೇಕಂತೆ. ನಮ್ಮ ಸೆಕೆಗೆ ಯಾವುದು ತಾಳೀತು? ಸಾಕಿದವರು ದಯವಿಟ್ಟು ಹೇಳಿ.

ಪೆರ್ಲದಿಂದ:

ಹನ್ನೊಂದು ವರ್ಷದಿಂದ ಸಾಕುತ್ತಿದ್ದೇನೆ. ತಳಿ ಆಮೇಲೆ, ಮೊದಲು ಮಾಡು ನೋಡಿ. ಸಾಕುಮೊಲದ ಹೆಸರು ಯಾವುದೇ ಇರಲಿ, ಮೂಲ ಒಂದೇ. ಸ್ಪೇನ್, ಪೋರ್ಚುಗಲ್ ಕಡೆಯ ಕಾಡಿನ ಮೊಲ. ಬಿಲ ತೋಡಿ ನೆಲದೊಳಗಿನ ತಂಪಿನಲ್ಲಿ ಮಲಗುವ ಪ್ರಾಣಿ ಅದು. ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಬಿಸಿ ಜಾಸ್ತಿ ಹೋಗುವುದು ಕಿವಿಯಿಂದ. ಅದನ್ನು ತಂದು ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನಡಿ ಇಟ್ಟರೆ ಏನಾಗಬಹುದು ಹೇಳಿ. ನಾನು ಮೊದಲ ವರ್ಷ ಹಾಗೇ ಇಟ್ಟೆ. ಒಂದೇ ಮಧ್ಯಾಹ್ನ ಮೂರು ಹೋದವು. ಎರಡು ಗಬ್ಬದವು. ಇವತ್ತಿಗೂ ಅದು ನೆನಪಾದರೆ ಬೇಜಾರಾಗುತ್ತದೆ. ಈಗ ತಗಡಿನ ಮೇಲೆ ದಪ್ಪಕ್ಕೆ ಸೋಗೆ ಹೊದೆಸಿದ್ದೇನೆ, ಎರಡು ಬದಿ ಗಾಳಿಗೆ ಬಿಟ್ಟಿದ್ದೇನೆ. ಗೂಡನ್ನು ಕಂಗಿನ ನೆರಳಿಗೆ ಸರಿಸಿದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಸೆಕೆ 30 ಡಿಗ್ರಿ ದಾಟಿ ಹಾಗೇ ನಿಂತರೆ ಗಂಡಿನ ಬೀಜದ ಶಕ್ತಿ ಕುಂದುತ್ತದೆ. ಜೋಡಿ ಆಗುತ್ತದೆ, ಹೆಣ್ಣು ಗಬ್ಬ ಕಟ್ಟುವುದಿಲ್ಲ. ಸೆಕೆ ಇಳಿದ ಮೇಲೂ ಸರಿಯಾಗಲು ಒಂದೂವರೆ, ಎರಡು ತಿಂಗಳು ಬೇಕು. ಗಂಡು ಕೆಟ್ಟಿತು ಅಂತ ಮಾರಿಬಿಡಬೇಡಿ, ಕಾಯಿರಿ.

ತಳಿ ಕೇಳಿದರೆ ನಾನು ನ್ಯೂಜಿಲೆಂಡ್ ವೈಟ್ ಅನ್ನುತ್ತೇನೆ. ಹೆಸರು ನೋಡಿ ಆ ದೇಶದ್ದು ಅಂದುಕೊಳ್ಳಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1917ರ ಸುಮಾರಿಗೆ, ಕೆಂಪು ನ್ಯೂಜಿಲೆಂಡ್ ತಳಿಯಿಂದ ಬಂದ ಬಿಳಿ ಮೊಲ. ನಾಲ್ಕರಿಂದ ಐದು ಕಿಲೋ ತೂಗುತ್ತದೆ. ಸಮಾಧಾನದ ಸ್ವಭಾವ. ತಾಯಿ ಮರಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ, ಸೂಲಿಗೆ ಏಳೆಂಟು ಮರಿ.

ಕ್ಯಾಲಿಫೋರ್ನಿಯನ್ ಕೂಡ ಅಲ್ಲಿಯದೇ. 1920ರ ದಶಕದಲ್ಲಿ ಜಾರ್ಜ್ ವೆಸ್ಟ್ ಎಂಬವರು ಹಿಮಾಲಯನ್, ಚಿಂಚಿಲ್ಲಾ, ನ್ಯೂಜಿಲೆಂಡ್ ವೈಟ್ ಮೂರನ್ನೂ ಕೂಡಿಸಿ ಮಾಡಿದ್ದು. ಮೈ ಬಿಳಿ, ಕಿವಿ ಮೂಗು ಬಾಲ ಪಾದ ಕಪ್ಪು. ನಾನು ತಂದ ಜೋಡಿಯ ಕಿವಿ ಮೇ ಕಳೆಯುವಾಗ ಬೂದಿ ಬಣ್ಣಕ್ಕೆ ತಿರುಗಿತು. ಮಿಶ್ರ ತಳಿ ಕೊಟ್ಟು ಮೋಸ ಮಾಡಿದಿರಿ ಅಂತ ಮಾರಿದವರ ಹತ್ತಿರ ಜಗಳವನ್ನೇ ಮಾಡಿದೆ. ಆಮೇಲೆ ಪಶುವೈದ್ಯರು ವಿವರಿಸಿದರು. ಮೈಯಲ್ಲಿ ತಣ್ಣಗಿರುವ ಜಾಗದಲ್ಲಿ ಮಾತ್ರ ಆ ಕಪ್ಪು ಮೂಡುತ್ತದೆ. ಸೆಕೆಯಲ್ಲಿ ಬರುವ ಹೊಸ ಕೂದಲು ಮಾಸಲಾಗಿರುತ್ತದೆ. ತಾಯಿ ಹೊಟ್ಟೆಯ ಬಿಸಿಯಲ್ಲಿ ಬೆಳೆದ ಮರಿಗಳೂ ಮೊದಲು ಬಿಳಿಯೇ. ಮಾರಿದವರಲ್ಲಿ ಕ್ಷಮೆ ಕೇಳಿದೆ. ಹಾಗಾಗಿ ಬಣ್ಣ ಮಾಸಿದೆ ಅಂತ ಒಳ್ಳೆಯ ಮೊಲ ಬಿಡಬೇಡಿ.

ತಾಳವಾಡಿಯಿಂದ:

ನಮ್ಮದು ಈರೋಡ್ ಜಿಲ್ಲೆ ಆದರೂ ದಿಂಬಂ ಘಟ್ಟದ ಮೇಲೆ, ರಾತ್ರಿ ತಂಪು. ವೈಟ್ ಜಯಂಟ್, ಸೋವಿಯತ್ ಚಿಂಚಿಲ್ಲಾ ಎರಡೂ ಇಲ್ಲಿ ಚೆನ್ನಾಗಿವೆ. ಕೊಡೈಕೆನಾಲ್ ಹತ್ತಿರದ ಮನ್ನವನೂರಿನಲ್ಲಿ ಕೇಂದ್ರ ಸರಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಸಾಕುವುದೂ ಇವನ್ನೇ. ನಿಮ್ಮಲ್ಲಿಗೆ ವೈಟ್ ಜಯಂಟ್ ಬೇಡ ಅನಿಸುತ್ತದೆ. ಮೈ ದೊಡ್ಡದಾದಷ್ಟು ಬಿಸಿ ಬಿಡುವುದು ಕಷ್ಟ. ತೂಕಕ್ಕೆ ತಂತಿ ತಳದ ಮೇಲೆ ಹಿಂಗಾಲು ಹುಣ್ಣಾಗುತ್ತದೆ, ಒಂದು ಹಲಗೆ ತುಂಡು ಹಾಕಲೇಬೇಕು.

ಚಿಂಚಿಲ್ಲಾ ತರುವುದಾದರೆ ಬೆನ್ನಿನ ಕೂದಲಿಗೆ ಬಾಯಿಂದ ಊದಿ ನೋಡಿ. ಕೂದಲು ಬಿಚ್ಚಿ ಉಂಗುರದ ಹಾಗೆ ಕಾಣಬೇಕು. ಬುಡದಲ್ಲಿ ಕಡು ಬೂದಿ, ಮೇಲೆ ಮುತ್ತಿನ ಬಿಳಿ, ಆಮೇಲೆ ಕಪ್ಪು ಗೆರೆ. ಒಂದೇ ಬೂದಿ ಬಣ್ಣ ಇದ್ದರೆ ಅದು ಬೇರೆ. ಈ ಬಣ್ಣದ ಮೊಲವನ್ನು ಮೊದಲು ತೋರಿಸಿದ್ದು ಫ್ರಾನ್ಸಿನಲ್ಲಿ, 1913ರಲ್ಲಿ. ದಕ್ಷಿಣ ಅಮೆರಿಕದ ಚಿಂಚಿಲ್ಲಾ ಪ್ರಾಣಿಯ ತುಪ್ಪಳ ಹೋಲುತ್ತದೆ ಅಂತ ಆ ಹೆಸರು. ರಷ್ಯಾದವರು ಅದಕ್ಕೆ ವೈಟ್ ಜಯಂಟ್ ಕೂಡಿಸಿ ದೊಡ್ಡದು ಮಾಡಿದರು.

ಮಂಜೇಶ್ವರದಿಂದ:

ಅಂಗೋರಾ ದಯವಿಟ್ಟು ತರಬೇಡಿ. ಅದು ಟರ್ಕಿಯ ಅಂಕಾರಾ ಹೆಸರಿನ ಉಣ್ಣೆಯ ಮೊಲ. ನಮ್ಮ ದೇಶದಲ್ಲಿ ಕುಲು ಕಡೆಯ ಚಳಿಗೆ ಸರಿ. ಸಮುದ್ರದ ಕರೆಯಲ್ಲಿ ಆ ಉಣ್ಣೆ ಹೊತ್ತು ಅದು ಪಡುವ ಪಾಡು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟು ಬಾಚಿದರೂ ಜಡೆ ಕಟ್ಟುತ್ತಿತ್ತು. ಮಗಳಿಗೆ ನ್ಯೂಜಿಲೆಂಡ್ ಮರಿ ಒಂದನ್ನು ಅವಳದೇ ಅಂತ ಕೊಡಿ.

ಸೆಕೆಯ ಹಾಗೇ ಮಳೆಗಾಲವೂ ಕಷ್ಟ. ಒದ್ದೆ ಹುಲ್ಲು ಹಾಕಿದರೆ ಹೊಟ್ಟೆ ಉಬ್ಬುತ್ತದೆ. ಹಿಂದಿನ ದಿನವೇ ಕೊಯ್ದು ಚಾವಡಿಯಲ್ಲಿ ಬಾಡಿಸಿ. ಕಿವಿಯೊಳಗೆ ಕಂದು ಹೆಕ್ಕಳೆ ಕಂಡರೆ ಕಜ್ಜಿ, ಕೂಡಲೇ ಮದ್ದು ಮಾಡಿಸಿ.

ಕೇಳಿದವರು:

ತುಂಬಾ ಉಪಕಾರ. ನ್ಯೂಜಿಲೆಂಡ್ ವೈಟ್ ತರುತ್ತೇನೆ. ಹಾಲುವಾಣದ ಸೊಪ್ಪು ಕೊಡಬಹುದಾ? ತೋಟದ ಬೇಲಿ ಪೂರ್ತಿ ಅದೇ ಇದೆ.

ಪೆರ್ಲದಿಂದ:

ಧಾರಾಳ ಕೊಡಿ. ಮಲಯಾಳಿಗಳು ಮುರಿಕ್ಕು ಅನ್ನುವುದು ಅದನ್ನೇ, ಅವರೂ ಮೊಲಕ್ಕೆ ಹಾಕುತ್ತಾರೆ. ಗಂಡನ್ನು ಮಾತ್ರ ಬೇರೆ ಕಡೆಯಿಂದ ತನ್ನಿ, ಒಂದೇ ಸೂಲಿನದು ಬೇಡ. ಜೋಡಿ ಮಾಡುವಾಗ ಹೆಣ್ಣನ್ನು ಗಂಡಿನ ಗೂಡಿಗೆ ಬಿಡಿ, ತನ್ನ ಗೂಡಿಗೆ ಬಂದ ಗಂಡನ್ನು ಹೆಣ್ಣು ಕಚ್ಚುತ್ತದೆ. 31 ದಿನಕ್ಕೆ ಮರಿ. 28ನೇ ದಿನವೇ ಪೆಟ್ಟಿಗೆ ಇಟ್ಟು ಒಣ ಬೈಹುಲ್ಲು ಹಾಕಿ. ಜೂನ್ ಮಳೆ ಹಿಡಿದು ಸ್ವಲ್ಪ ತಂಪಾದ ಮೇಲೆ ತನ್ನಿ, ಈಗ ಬೇಡ.